ಇಬ್ಬನಿ, ಹೊಗೆ, ಉಣುಗು: ಮಲೆನಾಡಿನ ಚಳಿಗಾಲದಲ್ಲಿ ಪುಟ್ಟ ಮಕ್ಕಳನ್ನು ಹೊರಗೆ ಬಿಡಬಹುದೇ?

ಪ್ರಶ್ನೆ: ಮಾನ್ಯ ಡಾಕ್ಟರೇ, ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಹಿಂದೆ ಅಡಿಕೆ ತೋಟ, ಅದನ್ನು ದಾಟಿದರೆ ಸೊಪ್ಪಿನ ಬೆಟ್ಟ, ಆಮೇಲೆ ಕಾಡು. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಹದಿನಾಲ್ಕು ತಿಂಗಳು. ಮಗಳು ಬೆಳಗ್ಗೆ ಎದ್ದ ಕೂಡಲೇ ಅಜ್ಜನ ಹಿಂದೆ ತೋಟಕ್ಕೆ ಓಡುತ್ತಾಳೆ. ಹುಲ್ಲಿನ ಮೇಲಿನ ಜೇಡರ ಬಲೆ, ಇರುವೆ ಗೂಡು, ಹಕ್ಕಿ ಎಲ್ಲವನ್ನೂ ಕೂತು ನೋಡಬೇಕು ಅವಳಿಗೆ. ಆದರೆ ಕಳೆದ ಚಳಿಗಾಲದಲ್ಲಿ ಎರಡು ಬಾರಿ ಉಬ್ಬಸ ಬಂದು ನೆಬ್ಯುಲೈಸರ್ ಹಾಕಿಸಬೇಕಾಯಿತು. ಅಂದಿನಿಂದ ನಮ್ಮ ಅತ್ತೆಯವರು, ‘ಇಬ್ಬನಿ ತಲೆಗಿಳಿಯುತ್ತದೆ, ಶಿವರಾತ್ರಿ ಕಳೆಯುವ ತನಕ ಮಕ್ಕಳನ್ನು ಹೊರಗೆ ಬಿಡಬೇಡ’ ಎನ್ನುತ್ತಾರೆ. ಸ್ವೀಡನ್ನಿನಲ್ಲಿರುವ ನನ್ನ ತಂಗಿ ತನ್ನ ಮಗ ಹಿಮದಲ್ಲಿ ಆಡುವ ಫೋಟೊ ಕಳುಹಿಸಿ, ‘ನೀವು ಸುಮ್ಮನೆ ಹೆದರುತ್ತೀರಿ’ ಎನ್ನುತ್ತಾಳೆ. ಇದರ ನಡುವೆ, ಹೋದ ವರ್ಷ ಪಕ್ಕದ ಊರಿನ ಕಾಡಿನಲ್ಲಿ ಮಂಗ ಸತ್ತಿತ್ತು. ಈಗ ಇಬ್ಬರೂ ಮನೆಯೊಳಗೆ ಮೊಬೈಲ್ ಮುಂದೆ ಕೂರುತ್ತಾರೆ. ಅದೂ ಸರಿ ಎನಿಸುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಚಳಿಗೆ ಮೈಯೊಡ್ಡಿದರೆ ಮಕ್ಕಳಿಗೆ ಕಾಯಿಲೆ ಬರುತ್ತದೆಯೇ ಎಂಬುದು ಮೊದಲನೆಯದು, ಒಮ್ಮೆ ಉಬ್ಬಸ ಬಂದ ಮಗಳಿಗೆ ಅದು ಮರುಕಳಿಸೀತೇ ಎಂಬುದು ಎರಡನೆಯದು, ಕಾಡಿನ ಅಂಚಿನಲ್ಲಿರುವ ಮನೆಯಲ್ಲಿ ಮಂಗನ ಕಾಯಿಲೆಯ ಭಯ ಮೂರನೆಯದು. ಇವುಗಳಲ್ಲಿ ಮನೆಮಂದಿ ಅತಿ ಹೆಚ್ಚು ಮಾತನಾಡುವುದು ಮೊದಲನೆಯದರ ಬಗ್ಗೆ. ಮಲೆನಾಡಿನಲ್ಲಿ ಮಕ್ಕಳ ವೈದ್ಯೆಯಾಗಿ ನಾನು ಅತಿ ಕಡಿಮೆ ಹೆದರುವುದೂ ಅದಕ್ಕೇ. ಮಕ್ಕಳನ್ನು ದಿನವೂ ಹೊರಗೆ ಬಿಡಿ ಎಂಬುದೇ ನನ್ನ ಸಲಹೆ. ಆದರೆ ಹೊತ್ತನ್ನೂ ಜಾಗವನ್ನೂ ನೀವು ಆರಿಸಬೇಕು, ಆ ಆಯ್ಕೆಯನ್ನು ಚಳಿಯನ್ನು ನೋಡಿ ಮಾಡುವುದಕ್ಕಿಂತ ಹೊಗೆ, ಒದ್ದೆ ಬಟ್ಟೆ ಮತ್ತು ಮಂಗನ ಕಾಯಿಲೆ ಹರಡುವ, ರಕ್ತ ಹೀರುವ ಉಣುಗನ್ನು ನೋಡಿ ಮಾಡಬೇಕು.

ಮೊದಲು ಇಬ್ಬನಿಯ ಮಾತು. ನೆಗಡಿ ಬರುವುದು ವೈರಸ್‌ಗಳಿಂದ. ಅವುಗಳಲ್ಲಿ ರೈನೊವೈರಸ್ ಗುಂಪಿನವು ಹೆಚ್ಚು. ಅವು ಒಬ್ಬರ ಮೂಗು, ಬಾಯಿ, ಕೈಗಳಿಂದ ಇನ್ನೊಬ್ಬರಿಗೆ ದಾಟುತ್ತವೆಯೇ ಹೊರತು ಆಕಾಶದಿಂದ ಇಬ್ಬನಿಯೊಡನೆ ಇಳಿಯುವುದಿಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿಯ ಬಳಿ 1946ರಿಂದ 1989ರವರೆಗೆ ನೆಗಡಿಯ ಅಧ್ಯಯನಕ್ಕೆಂದೇ ಒಂದು ಸಂಶೋಧನಾ ಘಟಕವಿತ್ತು. ಅಲ್ಲಿ ಸ್ವಯಂಸೇವಕರನ್ನು ಬಿಸಿನೀರಿನ ಸ್ನಾನದ ನಂತರ ಒದ್ದೆ ಮೈಯಲ್ಲಿ ಗಾಳಿಗೆ ನಿಲ್ಲಿಸಿ, ಒದ್ದೆ ಕಾಲುಚೀಲ ತೊಡಿಸಿ ನೋಡಿದರೂ, ಚಳಿಯಿಂದಲೇ ನೆಗಡಿ ಬರುತ್ತದೆ ಎಂಬುದು ಸಾಬೀತಾಗಲಿಲ್ಲ. ಹಾಗೆಂದು ನಿಮ್ಮ ಅತ್ತೆಯವರ ಅನುಭವವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. 2005ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ 90 ಮಂದಿ 20 ನಿಮಿಷ ತಣ್ಣೀರಿನಲ್ಲಿ ಕಾಲಿಟ್ಟು ಕುಳಿತಿದ್ದರು. ಹಾಗೆ ಮಾಡದವರಿಗಿಂತ ಅವರಲ್ಲಿ ಹೆಚ್ಚು ಜನ ಮುಂದಿನ ಕೆಲವು ದಿನಗಳಲ್ಲಿ ನೆಗಡಿಯ ಲಕ್ಷಣಗಳನ್ನು ಹೇಳಿದರು. ಸಂಶೋಧಕರು ಅದನ್ನು ವಿವರಿಸಿದ್ದು ಹೀಗೆ: ಮೈ ತಣ್ಣಗಾದಾಗ ಮೂಗಿನ ಒಳಪೊರೆಯ ರಕ್ತನಾಳಗಳು ಕುಗ್ಗುತ್ತವೆ, ಅಲ್ಲಿನ ರಕ್ಷಣೆ ಸ್ವಲ್ಪ ಸಡಿಲವಾಗುತ್ತದೆ, ಮೊದಲೇ ಒಳಗೆ ಸದ್ದಿಲ್ಲದೆ ಇದ್ದ ವೈರಸ್ ಆಗ ತಲೆಯೆತ್ತುತ್ತದೆ. ಅಂದರೆ ಚಳಿಯು ರೋಗವನ್ನು ಹುಟ್ಟಿಸುವುದಿಲ್ಲ, ಹೊಸ್ತಿಲಲ್ಲಿ ನಿಂತ ರೋಗಕ್ಕೆ ಕೆಲವೊಮ್ಮೆ ಬಾಗಿಲು ತೆರೆಯಬಹುದು. ಒದ್ದೆಯಾಗಿ ನಡುಗುವವರೆಗೂ ಮಗುವನ್ನು ಬಿಡಬಾರದು ಎನ್ನಲು ಇಷ್ಟು ಸಾಕು, ಮೂರು ತಿಂಗಳು ಬಾಗಿಲು ಹಾಕಿಕೊಂಡು ಕೂರಲು ಸಾಲದು.

ಚಳಿಗಾಲದಲ್ಲಿ ನೆಗಡಿ ಹೆಚ್ಚಲು ಇನ್ನೊಂದು ಸರಳ ಕಾರಣವಿದೆ. ಎಲ್ಲರೂ ಕಿಟಕಿ ಮುಚ್ಚಿ ಒಂದೇ ಕೋಣೆಯಲ್ಲಿ ಸೇರುತ್ತೇವೆ, ಒಬ್ಬರ ಉಸಿರು ಎಲ್ಲರಿಗೂ ಹಂಚಿಕೆಯಾಗುತ್ತದೆ. ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಆರೋಗ್ಯವಂತ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಬಾರಿ ನೆಗಡಿಯಾಗುವುದು ಸಹಜ. ರೈನೊವೈರಸ್ ಒಳಹೊಕ್ಕು ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಹಾಗಾಗಿ ಇಂದು ಬೆಳಗ್ಗೆ ತೋಟಕ್ಕೆ ಹೋದ ಮಗು ಮಧ್ಯಾಹ್ನ ಸೀನತೊಡಗಿದರೆ, ಆ ನೆಗಡಿಯ ಬೀಜ ಬಿದ್ದದ್ದು ಮೊನ್ನೆಯ ಮದುವೆ ಮನೆಯಲ್ಲೋ ಅಂಗನವಾಡಿಯಲ್ಲೋ ಇರಬಹುದು.

ಕಿವಿಗೆ ಹತ್ತಿ ಇಡುವುದರಿಂದ ಕಿವಿಯ ಸೋಂಕು ತಪ್ಪುವುದಿಲ್ಲ. ಮಕ್ಕಳಲ್ಲಿ ಆ ಸೋಂಕು ಹೆಚ್ಚಾಗಿ ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ನಾಳದ ಮೂಲಕ ಬರುತ್ತದೆ, ಹೊರಗಾಳಿಯಿಂದ ಅಲ್ಲ. ಆದರೆ ಕುಲಾವಿಯ ವಿಷಯದಲ್ಲಿ ಅಜ್ಜಿಯರ ಮಾತೇ ಸರಿ. ದೊಡ್ಡವರ ತಲೆ ದೇಹದ ಒಟ್ಟು ಮೇಲ್ಮೈಯಲ್ಲಿ ಶೇಕಡ 7ರಷ್ಟಿದ್ದರೆ, ಒಂದು ವರ್ಷದ ಮಗುವಿನದು ಶೇಕಡ 17ರಷ್ಟು. ನಿಮ್ಮ ಮಗನ ಮೈಬಿಸಿ ತಲೆಯಿಂದ ಹೊರಹೋಗುವ ಪ್ರಮಾಣ ನಿಮ್ಮದಕ್ಕಿಂತ ಹೆಚ್ಚು. ಅವನಿಗೆ ಬೆಳಗಿನ ಹೊತ್ತು ಕುಲಾವಿ ಖಂಡಿತ ಬೇಕು.

ಇನ್ನು ಉಬ್ಬಸ. ನಾಲ್ಕು ವರ್ಷದೊಳಗೆ ಎರಡು ಬಾರಿ ಉಬ್ಬಸ ಬಂದ ಮಾತ್ರಕ್ಕೆ ಅದು ಆಸ್ತಮಾ ಎಂದು ತೀರ್ಮಾನಿಸಲಾಗದು. ಈ ವಯಸ್ಸಿನಲ್ಲಿ ನೆಗಡಿಯ ವೈರಸ್ಸೇ ಕಿರಿದಾದ ಶ್ವಾಸನಾಳಗಳನ್ನು ಊದಿಸಿ ಸುಂಯ್‌ಗುಡಿಸುವುದು ಸಾಮಾನ್ಯ, ಅನೇಕ ಮಕ್ಕಳು ದೊಡ್ಡವರಾಗುತ್ತ ಅದರಿಂದ ಹೊರಬರುತ್ತಾರೆ. ತಣ್ಣನೆಯ ಗಾಳಿಯಲ್ಲಿ ಬಾಯಿಂದ ಉಸಿರೆಳೆಯುತ್ತ ಜೋರಾಗಿ ಓಡಿದರೆ ಇಂಥ ಶ್ವಾಸನಾಳಗಳು ಬಿಗಿಯುವುದುಂಟು. ಆದರೆ ನಮ್ಮ ಊರುಗಳಲ್ಲಿ ಅದಕ್ಕಿಂತ ದೊಡ್ಡ ಕಾರಣ ಹೊಗೆ. ಚಳಿಗಾಲದ ಬೆಳಗ್ಗೆ ನೆಲದ ಬಳಿಯ ಗಾಳಿ ತಣ್ಣಗಿದ್ದು ಅದರ ಮೇಲಿನ ಪದರ ಬೆಚ್ಚಗಿರುವುದರಿಂದ ಹೊಗೆ ಮೇಲೇಳಲಾರದೆ ತಗ್ಗಿನಲ್ಲೇ ತಂಗುತ್ತದೆ. ಬಚ್ಚಲ ಒಲೆ, ಅಡುಗೆ ಒಲೆ, ಅಡಿಕೆ ಬೇಯಿಸುವ ಒಲೆ ಎಲ್ಲವೂ ಒಟ್ಟಿಗೆ ಉರಿಯುವ ಹೊತ್ತು ಅದು. ನೀವು ಮಂಜು ಎಂದುಕೊಂಡು ನೋಡುತ್ತಿರುವುದರಲ್ಲಿ ಅರ್ಧ ಹೊಗೆಯೇ ಇರಬಹುದು. ಮೂಗಿಗೆ ಸೌದೆಯ ವಾಸನೆ ತಟ್ಟುತ್ತಿದ್ದರೆ ಆ ಹೊತ್ತಿನಲ್ಲಿ ಮಗಳನ್ನು ಹೊರಗೆ ಓಡಾಡಿಸಬೇಡಿ. ಬಿಸಿಲೇರಿ ನೆಲ ಕಾಯುತ್ತಿದ್ದಂತೆ ಆ ಪದರ ಒಡೆದು ಗಾಳಿ ತಿಳಿಯಾಗುತ್ತದೆ. ಬಹುತೇಕ ದಿನ ಎಂಟೂವರೆ, ಒಂಬತ್ತರ ಹೊತ್ತಿಗೆ ಹೀಗಾಗುತ್ತದೆ.

ಇದೇ ಕಾರಣಕ್ಕೆ, ಮಗುವನ್ನು ಚಳಿಯಿಂದ ಕಾಪಾಡಲೆಂದು ಬಚ್ಚಲ ಒಲೆಯ ಮುಂದೆ ಕೂರಿಸುವುದು, ಕೋಣೆ ಮುಚ್ಚಿ ಲೋಬಾನದ ಹೊಗೆ ಹಾಕುವುದು ಉಬ್ಬಸದ ಮಗುವಿಗೆ ಇಬ್ಬನಿಗಿಂತ ಎಷ್ಟೋ ಪಾಲು ಕೆಟ್ಟದ್ದು. ಕೊಬ್ಬರಿ ಎಣ್ಣೆಗೆ ಕರ್ಪೂರ ಕಾಯಿಸಿ ಎದೆಗೆ ಹಚ್ಚುವ ರೂಢಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಕರ್ಪೂರ ಸ್ವಲ್ಪವೇ ಹೊಟ್ಟೆಗೆ ಹೋದರೂ ಪುಟ್ಟ ಮಕ್ಕಳಿಗೆ ಫಿಟ್ಸ್ ಬರಬಹುದು, ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಹಚ್ಚಲೂಬಾರದು. ನಿಮ್ಮ ಮಗನಿಗೆ ಬರಿಯ ಕೊಬ್ಬರಿ ಎಣ್ಣೆ ಸಾಕು, ಕರ್ಪೂರದ ಡಬ್ಬಿಯನ್ನು ಮಾತ್ರ ಅವನ ಕೈಗೆಟುಕದಂತೆ ಇಡಿ.

ಬಟ್ಟೆಯ ವಿಷಯದಲ್ಲಿ ನಾನು ಚಿಕಿತ್ಸಾಲಯದಲ್ಲಿ ಕಾಣುವುದು ಕಡಿಮೆ ತೊಡಿಸುವುದನ್ನಲ್ಲ, ಅತಿಯಾಗಿ ತೊಡಿಸುವುದನ್ನು. ನಮ್ಮ ಚಳಿಗಾಲ ಬೆಳಗ್ಗೆ ಸ್ವೆಟರ್ ಬೇಡಿದರೆ ಮಧ್ಯಾಹ್ನ ಬೆವರಿಳಿಸುತ್ತದೆ. ಎರಡು ಸ್ವೆಟರ್, ಮಂಕಿ ಟೋಪಿ ತೊಟ್ಟು ಓಡಿದ ಮಗು ಬೆವರುತ್ತದೆ, ಆ ಬೆವರು ಒಳಬಟ್ಟೆಯಲ್ಲೇ ನಿಂತು ನೆರಳಿಗೆ ಬಂದೊಡನೆ ಮೈಯನ್ನು ತಣ್ಣಗಾಗಿಸುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆಯುವುದರಿಂದ, ಒದ್ದೆ ಬನಿಯನ್ ತೊಟ್ಟ ಮಗುವಿಗಿಂತ ತೆಳು ಬಟ್ಟೆ ತೊಟ್ಟ ಒಣ ಮಗು ಬೆಚ್ಚಗಿರುತ್ತದೆ. ಒಳಗೆ ತೆಳುವಾದ ಹತ್ತಿ ಬಟ್ಟೆ, ಅದರ ಮೇಲೆ ತುಂಬು ತೋಳಿನ ಅಂಗಿ, ಮೇಲೊಂದು ಸುಲಭವಾಗಿ ಕಳಚಬಹುದಾದ ಸ್ವೆಟರ್ ಇರಲಿ. ಓಡಾಟ ಶುರುವಾದ ಮೇಲೆ ಸ್ವೆಟರ್ ತೆಗೆಯಿರಿ, ಕೂತಾಗ ಮತ್ತೆ ತೊಡಿಸಿ. ಕೈಕಾಲು ಮುಟ್ಟಿ ನೋಡಿ ಮಗು ತಣ್ಣಗಿದೆ ಎಂದು ಗಾಬರಿಯಾಗಬೇಡಿ, ಅವು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗಕ್ಕೆ ಕೈಯಿಟ್ಟು ನೋಡಿ: ಬೆಚ್ಚಗೆ, ಒಣಗಿದ್ದರೆ ಬಟ್ಟೆ ಸರಿಯಾಗಿದೆ. ಇಬ್ಬನಿ ಹುಲ್ಲಿನಲ್ಲಿ ನಡೆದು ಕಾಲುಚೀಲ ಒದ್ದೆಯಾದರೆ ಮನೆಗೆ ಬಂದ ಕೂಡಲೇ ಬದಲಿಸಿ. ಮಕ್ಕಳ ಅಳತೆಯ ಗಂಬೂಟು ಸಿಕ್ಕರೆ ಕೊಳ್ಳಿ, ಅದರ ಇನ್ನೊಂದು ಉಪಯೋಗವನ್ನು ಮುಂದೆ ಹೇಳುತ್ತೇನೆ.

ನಿಮ್ಮ ತಂಗಿಯ ಮಾತಿನಲ್ಲೂ ನಿಜವಿದೆ. ಸ್ವೀಡನ್ನಿನ ಶಿಶುವಿಹಾರಗಳಲ್ಲಿ ಹಿಮ ಬೀಳುವ ದಿನವೂ ಮಕ್ಕಳನ್ನು ಹೊರಗೆ ಆಡಿಸುತ್ತಾರೆ, ಅದರಿಂದ ಅವರ ಆರೋಗ್ಯ ಕೆಡುವುದಿಲ್ಲ. ಆದರೆ ಅವರಿಗೆ ನೀರು ಒಳಗಿಳಿಯದ ಉಡುಪುಗಳಿವೆ, ಒಳಗೆ ಬಂದರೆ ಹೊಗೆಯಿಲ್ಲದೆ ಬೆಚ್ಚಗಿರುವ ಮನೆಗಳಿವೆ. ಅವರ ಧೈರ್ಯವನ್ನು ನಾವು ತೆಗೆದುಕೊಳ್ಳಬಹುದು, ಅವರ ಲೆಕ್ಕಾಚಾರವನ್ನು ಹಾಗೆಯೇ ತರಲಾಗದು. ನಮ್ಮ ಕಾಡಿನ ಅಪಾಯಗಳು ಬೇರೆ.

ಆ ಅಪಾಯಕ್ಕೆ ಬರುವ ಮೊದಲು, ಮನೆಯೊಳಗೇ ಉಳಿಸಿಕೊಳ್ಳುವುದೂ ನಷ್ಟವಿಲ್ಲದ ಆಯ್ಕೆಯಲ್ಲ ಎಂಬುದನ್ನು ಹೇಳಬೇಕು. ಮೂರು, ನಾಲ್ಕು ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಾಲ್ಕು ಗೋಡೆಯೊಳಗೆ ಇದು ಆಗುವ ಮಾತಲ್ಲ. ಕಣ್ಣಿನ ವಿಷಯ ಇನ್ನೂ ಸ್ಪಷ್ಟವಾಗಿದೆ. ಚೀನಾದ ಗುವಾಂಗ್‌ಜೌ ನಗರದ ಶಾಲೆಗಳಲ್ಲಿ ಆರೇಳು ವರ್ಷದ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಚಟುವಟಿಕೆ ಕೊಟ್ಟು ಮೂರು ವರ್ಷ ನೋಡಿದಾಗ, ಅವರಲ್ಲಿ ಶೇಕಡ 30ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಬಂದಿತ್ತು. ಕೊಡದವರಲ್ಲಿ ಅದು ಶೇಕಡ 40ರ ಹತ್ತಿರವಿತ್ತು. ಇದಕ್ಕೆ ಕಾರಣ ಹೊರಗಿನ ಬೆಳಕು, ಮರದ ನೆರಳಿನಲ್ಲೂ ಅದು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಪ್ರಖರ. ವಿಟಮಿನ್ ಡಿ ಬಗ್ಗೆ ಮಾತ್ರ ಒಂದು ತಿದ್ದುಪಡಿ ಅಗತ್ಯ. ಎಳೆಬಿಸಿಲು ಹಿತ, ಆದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣಗಳು ಅದರಲ್ಲಿ ತೀರ ಕಡಿಮೆ. ಮಗುವಿನ ನೆರಳು ಅದರ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತೇ ಅದಕ್ಕೆ ತಕ್ಕದ್ದು.

ಈಗ ಮಂಗನ ಕಾಯಿಲೆ. ನಿಮ್ಮ ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬಂದ ಈ ವಿಷಯಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದನ್ನು ಮೊದಲು ಗುರುತಿಸಿದರು, ಕಾಯಿಲೆಗೆ ವೈದ್ಯಕೀಯದಲ್ಲಿ ಆ ಕಾಡಿನ ಹೆಸರೇ ಇದೆ. ವೈರಸ್ ಮನುಷ್ಯರಿಗೆ ಬರುವುದು ಉಣುಗಿನ ಕಡಿತದಿಂದ. ಮಂಗ, ಮುಸುವಗಳು ನಮ್ಮಂತೆಯೇ ಅದಕ್ಕೆ ಬಲಿಯಾಗುತ್ತವೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಆ ಜಾಗದಲ್ಲಿ ಹರಡುವುದರಿಂದ ಅಲ್ಲಿ ಅಪಾಯ ಹೆಚ್ಚು. ಮಳೆ ನಿಂತು ನೆಲ ಒಣಗಿದ ಮೇಲೆ ಉಣುಗಿನ ಮರಿಗಳು ತರಗೆಲೆಗಳಲ್ಲಿ, ಹುಲ್ಲಿನ ತುದಿಯಲ್ಲಿ ಹೆಚ್ಚುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಎಳ್ಳುಕಾಳಿಗಿಂತ ಸಣ್ಣದಾದ ಈ ಮರಿಗಳೇ. ಆದ್ದರಿಂದ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಶಿವರಾತ್ರಿಗೆ ಚಳಿ ಹೋಗಬಹುದು, ಉಣುಗು ಹೋಗುವುದಿಲ್ಲ. ಅದು ಹೋಗಬೇಕಾದರೆ ಮಳೆ ಬರಬೇಕು. ಅತ್ತೆಯವರ ಎಚ್ಚರಿಕೆಯನ್ನು ಈ ವಿಷಯಕ್ಕೆ ತಿರುಗಿಸಿದರೆ ಅದು ಮಕ್ಕಳನ್ನು ನಿಜವಾಗಿ ಕಾಯುತ್ತದೆ.

ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಕಚ್ಚಿದ ಪ್ರತಿ ಉಣುಗಿನಲ್ಲೂ ವೈರಸ್ ಇರುವುದಿಲ್ಲ. ಆದರೆ ಬಂದರೆ ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ, ಲಕ್ಷಣಗಳಿಗೆ ಚಿಕಿತ್ಸೆ ಕೊಡುತ್ತ ಕಾಯಬೇಕು, ನೂರರಲ್ಲಿ ಮೂರರಿಂದ ಐದು ರೋಗಿಗಳು ತೀರಿಕೊಳ್ಳುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆಯೂ ನಿಮ್ಮ ಮಕ್ಕಳ ವಯಸ್ಸಿನವರಿಗೆ ಇರಲಿಲ್ಲ. ಹಾಗಾಗಿ ಇಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ: ಮಳೆ ಬೀಳುವವರೆಗೆ ಇಬ್ಬರು ಮಕ್ಕಳೂ ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗುವುದು ಬೇಡ, ಅಜ್ಜ ಜೊತೆಗಿದ್ದರೂ ಬೇಡ. ಕೊಟ್ಟಿಗೆಗೆ ಹಾಸಲು ಗುಡಿಸಿ ತಂದ ತರಗೆಲೆಯ ರಾಶಿ ಮಕ್ಕಳಿಗೆ ಹಾರಿ ಕುಣಿಯಲು ಬಲು ಇಷ್ಟ, ಆದರೆ ಕಾಡಿನ ಉಣುಗು ಮನೆಯಂಗಳಕ್ಕೆ ಬರುವುದು ಆ ರಾಶಿಯೊಡನೆಯೇ. ಅದನ್ನು ಮನೆಯಿಂದ ದೂರವಿರಿಸಿ. ಬೆಟ್ಟಕ್ಕೆ ಹೋಗಿ ಬಂದ ದೊಡ್ಡವರು ಬಟ್ಟೆ ಬದಲಿಸಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕಾಡಿಗೆ ಹೋಗುವ ದೊಡ್ಡವರು ಹಚ್ಚಿಕೊಳ್ಳಲಿ. ಮಕ್ಕಳಿಗೆ ಹಚ್ಚುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ, ಬೆರಳು ಚೀಪುವ ನಿಮ್ಮ ಮಗನ ಕೈಗಂತೂ ಬೇಡ.

ಮನೆಯ ಹಿಂದಿನ ತೋಟಕ್ಕೆ ಹೋದಾಗಲೂ ಪ್ಯಾಂಟಿನ ತುದಿಯನ್ನು ಗಂಬೂಟಿನೊಳಗೆ ಸೇರಿಸಿ. ತಿಳಿ ಬಣ್ಣದ ಬಟ್ಟೆಯ ಮೇಲೆ ಉಣುಗು ಬೇಗ ಕಾಣುತ್ತದೆ. ಬಂದ ಮೇಲೆ ಸ್ನಾನ ಮಾಡಿಸುತ್ತ ಕಿವಿಯ ಹಿಂದೆ, ಕೂದಲಿನಂಚು, ಕಂಕುಳು, ಸೊಂಟದ ಪಟ್ಟಿಯ ಜಾಗ, ತೊಡೆಸಂದು, ಮಂಡಿಯ ಹಿಂಭಾಗ ನೋಡಿ. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಸಣ್ಣ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆಳೆಯಿರಿ, ಬೆರಳಲ್ಲಿ ಹಿಸುಕಬೇಡಿ, ಆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ, ದಿನಾಂಕ ಬರೆದಿಡಿ.

ಚಳಿಗಾಲದ ಬೇಲಿಗಳಲ್ಲಿ ಇನ್ನೂ ಎರಡು ವಸ್ತುಗಳನ್ನು ನೀವೇ ಮೊದಲು ಹೋಗಿ ಹುಡುಕಿಡಬೇಕು. ಈ ಕಾಲಕ್ಕೆ ಒಣಗಿ ನಿಲ್ಲುವ ನಸುಗುನ್ನಿ ಕಾಯಿಯ ರೋಮ ಗಾಳಿಗೆ ಹಾರಿ ಮೈಗೆ ತಾಗಿದರೂ ಮಗು ಹುಚ್ಚಾಗಿ ಕೆರೆದುಕೊಳ್ಳುತ್ತದೆ. ಆಗ ಉಜ್ಜದೆ, ಅಂಟುಪಟ್ಟಿ ಒತ್ತಿ ರೋಮ ಕಿತ್ತು, ಬಟ್ಟೆ ಬದಲಿಸಿ, ನೀರು ಸುರಿದು ತೊಳೆಯಬೇಕು. ಕಂಬಳಿಹುಳು ತಾಗಿದರೂ ಇದೇ ಉಪಾಯ. ಇನ್ನೊಂದು ಗುಲಗಂಜಿ. ಕೆಂಪು ಕಪ್ಪಿನ ಆ ಬೀಜವನ್ನು ಕಂಡ ಯಾವ ಮಗುವೂ ಎತ್ತಿಕೊಳ್ಳದೆ ಬಿಡದು, ಆದರೆ ಅಗಿದು ನುಂಗಿದರೆ ಅದು ಪ್ರಾಣಕ್ಕೇ ಅಪಾಯ. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಬಳ್ಳಿ ಮನೆಯ ಬೇಲಿಯಲ್ಲಿದ್ದರೆ ಕಡಿದುಹಾಕಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಇವು. ಶಿವರಾತ್ರಿಯವರೆಗೆ ಒಳಗೇ ಇರಿಸಿಕೊಂಡರೆ ಉಣುಗಿನ ಭಯವೇನೋ ಕಡಿಮೆ, ಆದರೆ ಹೊಗೆ, ಒಬ್ಬರಿಂದೊಬ್ಬರಿಗೆ ದಾಟುವ ನೆಗಡಿ, ಮೊಬೈಲ್ ಮೂರೂ ಹೆಚ್ಚುತ್ತವೆ. ಮುಂಚಿನಂತೆ ಆರು ಗಂಟೆಗೆ ಅಜ್ಜನೊಡನೆ ಕಳುಹಿಸಿದರೆ ಮಗಳಿಗೆ ಸಂತೋಷ, ಆದರೆ ಅದು ಹೊಗೆ ತಂಗಿರುವ ಹೊತ್ತು, ಉಬ್ಬಸ ಮರುಕಳಿಸುವ ಸಂಭವ ಹೆಚ್ಚು. ಒಂಬತ್ತರಿಂದ ಹನ್ನೊಂದೂವರೆಯೊಳಗೆ ಮತ್ತು ಸಂಜೆ ನಾಲ್ಕರ ನಂತರ, ಅಂಗಳದಲ್ಲಿ ಹಾಗೂ ಕಳೆ ಸವರಿ ತರಗೆಲೆ ಗುಡಿಸಿದ ತೋಟದ ಭಾಗದಲ್ಲಿ ಬಿಡುವುದು ನಾನು ಆರಿಸುವ ದಾರಿ. ಅಡಿಕೆ ಸಿಪ್ಪೆ ರಾಶಿ, ಕಲ್ಲುಕಟ್ಟೆಗಳ ಸಂದಿಗೆ ಮಾತ್ರ ಕೈ ಹಾಕದಂತೆ ಕಲಿಸಿ, ಅಲ್ಲಿ ಹಾವು, ಚೇಳು ಇರಬಹುದು.

ಒಂಬತ್ತಕ್ಕೆ ಹೋದರೆ ಇಬ್ಬನಿ ಆರಿರುತ್ತದೆ ಎಂದು ಮಗಳು ಹಟ ಮಾಡಬಹುದು. ತೋಟದ ನೆರಳಿನಲ್ಲಿ ಆ ಹೊತ್ತಿಗೂ ಬಲೆಗಳ ಮೇಲೆ ಹನಿಗಳಿರುತ್ತವೆ. ಈ ತಿಂಗಳುಗಳಲ್ಲಿ ಉತ್ತರದಿಂದ ಬರುವ ಕುಂಡೆಕುಸ್ಕ ಹಕ್ಕಿ ತೋಟದ ಕಾದಿಗೆಯ ನೀರಿನ ಬದಿಯಲ್ಲಿ ಬಾಲ ಕುಣಿಸುತ್ತ ಓಡಾಡುವುದನ್ನು ಅಜ್ಜ ತೋರಿಸಲಿ. ಅದೃಷ್ಟವಿದ್ದರೆ ಚಳಿಗಾಲಕ್ಕೆಂದು ನಮ್ಮಲ್ಲಿಗೆ ಬರುವ ನವರಂಗ ಹಕ್ಕಿಯೂ ಮರದಡಿ ಕಂಡೀತು. ಈ ವಯಸ್ಸಿನ ಮಗುವಿಗೆ ದೂರದ ಕಾಡಿಗಿಂತ ಒಂದೇ ಗಿಡವನ್ನು ದಿನವೂ ಹೋಗಿ ನೋಡುವುದು ಹೆಚ್ಚು ಹಿಡಿಸುತ್ತದೆ. ಮಾವಿನ ಮರ ಹೂ ಬಿಡುವುದರಿಂದ ಮಿಡಿ ನಿಲ್ಲುವವರೆಗೆ ಅವಳಿಗೆ ಬೇಕಾದಷ್ಟು ಕೆಲಸವಿದೆ. ಮಗನಿಗೆ ಅಂಗಳದಲ್ಲಿ ಬಿಸಿಲು ಬಿದ್ದ ಕಡೆ ಚಾಪೆ ಹಾಸಿ ಬಿಡಿ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸಾದ್ದರಿಂದ ಒಬ್ಬರು ಪಕ್ಕದಲ್ಲೇ ಇರಬೇಕು. ಮಣ್ಣು ಮುಟ್ಟಲಿ, ಊಟದ ಮೊದಲು ಕೈ ತೊಳೆಸಿದರಾಯಿತು.

ಬರಿಯ ಮೂಗು ಸುರಿಯುತ್ತಿದ್ದರೆ, ಮಗು ಲವಲವಿಕೆಯಿಂದಿದ್ದರೆ, ಹೊರಗೆ ಬಿಡಲು ಅಡ್ಡಿಯಿಲ್ಲ. ಜ್ವರವಿದ್ದರೆ, ಸುಂಯ್‌ಗುಡುವ ಸದ್ದು ಇದ್ದರೆ ಬೇಡ. ಮಗಳು ಶಾಂತವಾಗಿದ್ದಾಗ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ: 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಅಂದೇ ವೈದ್ಯರ ಬಳಿ ಹೋಗಿ. ನಿಮ್ಮ ಮಗನಿಗೂ ಇದೇ ಲೆಕ್ಕ. ಮಗಳನ್ನು ನೋಡುತ್ತಿರುವ ವೈದ್ಯರನ್ನು ಈ ವಾರವೇ ಭೇಟಿ ಮಾಡಿ, ಸ್ಪೇಸರ್ (ಮಗು ಔಷಧವನ್ನು ಸುಲಭವಾಗಿ ಉಸಿರೆಳೆದುಕೊಳ್ಳಲು ಹಾಕುವ ಕೊಳವೆ) ಜೋಡಿಸಿದ ಇನ್ಹೇಲರ್ ಮನೆಯಲ್ಲಿಡಬೇಕೇ, ಯಾವಾಗ ಎಷ್ಟು ಕೊಡಬೇಕು ಎಂದು ಬರೆಸಿಕೊಳ್ಳಿ. ಇನ್ಹೇಲರ್ ಚಟವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ, ರಾತ್ರಿ ಹೊತ್ತು ಆಸ್ಪತ್ರೆಗೆ ಓಡುವುದನ್ನು ಅದು ಎಷ್ಟೋ ಬಾರಿ ತಪ್ಪಿಸುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಮನೆಯಲ್ಲಿ ಯಾರಿಗೇ ಆಗಲಿ ದಿಢೀರನೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಉಣುಗು ಕಚ್ಚಿದ್ದನ್ನೂ ಹತ್ತಿರದಲ್ಲಿ ಮಂಗ ಸತ್ತಿದ್ದನ್ನೂ ತಪ್ಪದೆ ಹೇಳಿ, ರಕ್ತ ಪರೀಕ್ಷೆ ಕೇಳಿ. ಅಲ್ಲಿಗೆ ಹೋಗುವ ತನಕ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಮಂಗನ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಬೇಡ.